ಅತ್ತಿಯವರ ಸಲುವಾಗಿ ಎರಡು ಜಂಪರ್

ಒಂದು ಮಾತು ಮೊದಲೇ ಒಪ್ಕೊಂಡು ಬಿಡ್ತೀನಿ ನೋಡ್ರಿ. ಮೊಬೈಲಿನ್ಯಾಗ ಮೂರು ವಿಡಿಯೋ ನೋಡಿದ ಗಂಡಸಿಗಿ ಇರೋವಷ್ಟು ಧೈರ್ಯ ಈ ಭೂಮಿ ಮ್ಯಾಲ ಮತ್ಯಾರಿಗೂ ಇರಂಗಿಲ್ಲ. ಮೊದಲನೇದು ನೋಡಿ ‘ಹಿಂಗೂ ಇರ್ತದಾ’ ಅಂತೀವಿ. ಎರಡನೇದಕ್ಕ ‘ಇಷ್ಟೇನಾ’ ಅಂತೀವಿ. ಮೂರನೇದು ಮುಗಿಯೋದ್ರಾಗ ವಿಡಿಯೋ ಮಾಡಿದವನ ತಪ್ಪು ಹಿಡೀಲಿಕ್ಕೆ ಹತ್ತಿರ್ತೀವಿ. ನಾ ಆಫೀಸಿನ್ಯಾಗ ಈ ಟೇಬಲಿನ ಫೈಲು ಆ ಟೇಬಲಿಗಿ ದಾಟ್ಸೋದು ಬಿಟ್ರ ಕೈಲಿಂದ ಬ್ಯಾರೆ ಕೆಲಸ ಮಾಡಿದವನಲ್ಲ. ಗ್ವಾಡಿಗಿ ಒಂದು ಮೊಳಿ ಹೊಡೀಬೇಕಾದ್ರ ನನ್ನ ಹೆಂಡ್ತಿ ಶಾಂತಾ ಮೊದಲು ನನ್ನ ಕೈಯಾಗ ಚಹಾ ಕೊಟ್ಟು ಹೊರಗ ಕುಂದ್ರಸ್ತಾಳ, ಆಮ್ಯಾಲ ತಾನೇ ಹೊಡೀತಾಳ. ಅಂಥಾ ನಾನು ಹೋದ ತಿಂಗಳು ಬೀದರಿನ ನಮ್ಮ ಮನಿ ಅಂಗಳದಾಗ ಕಾರಿನ ಹಿಂದಿನ ಎರಡೂ ಜಂಪರ್ ನನ್ನ ಕೈಲೇ ಬದಲ ಮಾಡಿದೆ.

ಜಂಪರ್ ಅಂದ್ರ ಏನಂತ ಇಲ್ಲೇ ಹೇಳಿ ಬಿಡಬೇಕು. ಗಾಲಿ ಹತ್ರ ಉದ್ದಂದು ಒಂದು ಕೊಳವಿ ಇರ್ತದ, ಒಳಗ ಎಣ್ಣಿ ಇರ್ತದ. ಗಾಡಿ ತಗ್ಗಿನ್ಯಾಗ ಬಿದ್ರ ಆ ಎಣ್ಣಿ ಪೆಟ್ಟು ನುಂಗ್ಕೋತದ, ನಮ್ಮ ಟೊಂಕಕ್ಕ ಬರಗೊಡಂಗಿಲ್ಲ. ಓದಿದವ್ರು ಅದಕ್ಕ ಶಾಕ್ ಅಬ್ಸಾರ್ಬರ್ ಅಂತಾರ, ನಮ್ಮ ಗ್ಯಾರೇಜಿನವ್ರು ಜಂಪರ್ ಅಂತಾರ. ಮತ್ತ ಮನ್ಯಾಗ ಜಂಪರ್ ಅಂದ್ರ ಹೆಣ್ಮಕ್ಳು ಸೀರಿ ಜೋಡಿ ತೊಡೋದು. ಬೆಂಗಳೂರಿನವ್ರು ಬ್ಲೌಸ್ ಅಂತಾರಲ್ಲ, ಅದು. ಹೆಸರೊಂದೇ, ಅಂಗಡಿ ಎರಡು. ಇದು ನನಗ ಐವತ್ತು ವರ್ಷದಿಂದ ಗೊತ್ತದ. ಬೇಕಾದ ಟೈಮಿಗಿ ಮಾತ್ರ ನೆನಪಾಗಲಿಲ್ಲ.

ದೀಪಾವಳಿಗಿ ಭಾಲ್ಕಿಯಿಂದ ಅತ್ತಿಯವರಿಗಿ ನನ್ನ ಗಾಡ್ಯಾಗ ಕರ್ಕೊಂಡು ಬಂದಿದ್ದೆ. ಜಂಪರ್ ಆಗಲೇ ಖಲ್ಲಾಸ್ ಆಗಿದ್ವು. ಅತ್ತಿ ಬೀದರಿಗಿ ಬಂದು ಇಳಿದವ್ರು ನೆಟ್ಟಗ ಹಾಸಿಗಿಗಿ ಹೋದ್ರು, ನಾಲ್ಕು ದಿನ ಏಳಲಿಲ್ಲ. ಎದ್ದ ಮ್ಯಾಲ ಹೇಳಿದ್ರು, “ಅಳಿಯಂದ್ರ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ. ಆದ್ರ ಆ ಗಾಡ್ಯಾಗ ಇನ್ನ ಕುಂದ್ರಂಗಿಲ್ಲ. ನಾ ಇನ್ನೂ ಬದುಕಬೇಕು.” ಬಸ್ಸಂತೂ ಡಾಕ್ಟರು ಬ್ಯಾಡಂದಾರ, ಅದಕ್ಕ ರೈಲಿನ್ಯಾಗ ಭಾಲ್ಕಿಗಿ ವಾಪಸ್ ಹೋದ್ರು. ಅಷ್ಟ್ರಾಗ ರೈಲಿಲ್ಲದ ಔರಾದ ತಾಲೂಕಿನ ಚಿಂತಾಕಿಯಿಂದ ಸುದ್ದಿ ಬಂತು. ನನ್ನ ನಾದಿನಿ ಮಗಳಿಗಿ ಹೆಣ್ಣು ಹುಟ್ಯಾಳ, ಐತವಾರ ತೊಟ್ಲದಾಗ ಹಾಕ್ತಾರ. ಅತ್ತಿಗಿ ಮೊದಲನೇ ಮರಿಮೊಮ್ಮಗಳು! ಅತ್ತಿ ಫೋನಿನ್ಯಾಗ ಕೂಸಿನ ಫೋಟೋ ನೋಡಿ, ಕಣ್ಣು ಒರಸ್ಕೊಂಡು, “ಇಲ್ಲಿಂದಲೇ ಆಶೀರ್ವಾದ ಮಾಡ್ತೀನಿ ಬಿಡ್ರವಾ” ಅಂದ್ರಂತ. ಅದು ಕೇಳಿ ನನಗ ಊಟ ಸೇರಲಿಲ್ಲ. ಗ್ಯಾರೇಜಿಗಿ ಹೋದ್ರ ಮದುವಿ ಸೀಜನ್, ಎಲ್ಲರೂ “ಸೋಮಾರ ಬರ್ರಿ” ಅಂದ್ರು. ಸೋಮಾರ ಬಂದು ಏನ್ ಮಾಡ್ಲಿ? ಅವತ್ತೇ ಮೂರು ವಿಡಿಯೋ ನೋಡಿದೆ.

ಶಾಂತಾ ಮೊದಲೇ ಭಾಲ್ಕಿಗಿ ತವರಿಗಿ ಹೋಗಿದ್ದಳು. ಶನಿವಾರ ಮುಂಜಾನಿ ಜಾಕ್ ಹಚ್ಚಿದೆ. ಎದುರು ಮನಿ ಹಮೀದ್ ಚಾಚಾ ಝಟ್ಟನೆ ಕುರ್ಚಿ ತಂದು ನನ್ನ ಅಂಗಳದಾಗ ಹಾಕ್ಕೊಂಡ್ರು. ಅವ್ರು ನಲವತ್ತು ವರ್ಷ ಲಾರಿ ಮಿಸ್ತ್ರಿ. “ಚಾಚಾ, ಸ್ವಲ್ಪ ಕೈ ಹಚ್ರಿ” ಅಂದ್ರ, “ಕೈ ರಿಟೈರ್ ಆಗ್ಯಾವ ಸಾಹೇಬ್ರ, ಬಾಯಿ ಆಗಿಲ್ಲ” ಅಂದ್ರು. ಆ ಬಾಯಿ ಸಂಜಿತನಕ ಡ್ಯೂಟಿ ಮಾಡ್ತು. “ಬರೇ ಜಾಕ್ ಮ್ಯಾಲ ಭರೋಸಾ ಇಡಬ್ಯಾಡ್ರಿ, ಕೆಳಗ ಸ್ಟ್ಯಾಂಡ್ ಇಡ್ರಿ. ಭಾಬಿ ಬಂದು ನನಗ ಕೇಳ್ತಾರ.” “ಪಾನಾ ತಿರುಗ್ಸೋದು ಆ ಕಡಿ ಅಲ್ರಿ, ಈ ಕಡಿ. ನೀವು ಬಿಗಿ ಮಾಡ್ಲತ್ತೀರಿ.” ಖರೇ ಹೇಳ್ತೀನಿ, ಹದಿನೈದು ಮಿನಿಟ್ ಆ ಬೋಲ್ಟ್ ನಾ ಬಿಗಿನೇ ಮಾಡಿದ್ದೆ. ಮೊದಲೇ ಜಂಗ್ ಹಿಡಿದ ಬೋಲ್ಟ್, ಅದ್ರ ಮ್ಯಾಲ ನನ್ನ ತಾಕತ್ತು. ಕಡೀಕ ಪಾನಾಕ್ಕ ಒಂದು ಕಬ್ಬಿಣದ ಪೈಪ್ ಸೇರ್ಸಿ ಎರಡೂ ಕೈಲೇ ಜಗ್ಗಿದೆ. ‘ಟಣ್’ ಅಂತು. ಬೋಲ್ಟ್ ಬಿಡ್ತು, ನಾ ಹಿಂದಿನ ಬಕೀಟಿನ್ಯಾಗ ಕುಂತೆ. ಚಾಚಾ ಚಪ್ಪಾಳಿ ಹೊಡೆದ್ರು.

ಹಳೇ ಜಂಪರ್ ಒಂದು ಚೀಲದಾಗ ಹಾಕ್ಕೊಂಡು ಅಂಗಡಿಗಿ ಹೋಗಿ, ಅದ್ರ ಅಳತಿದೇ ಎರಡು ಹೊಸಾವು ತಗೊಂಡೆ. ಅಂಗಡಿ ಮುಂದೇ ನಿಂತು, ಅಷ್ಟು ಟ್ರಾಫಿಕ್ಕಿನ್ಯಾಗ, ಶಾಂತಾಗ ಫೋನ್ ಹಚ್ಚಿದೆ.

“ಶಾಂತಾ, ನಿಮ್ಮವ್ವಗ ಹೇಳು, ಏನೂ ಕಾಳಜಿ ಮಾಡೋದು ಬ್ಯಾಡ. ಅವರ ಸಲುವಾಗಿ ಎರಡು ಹೊಸಾ ಜಂಪರ್ ತಂದೀನಿ.”

“ಖರೇನೇನ್ರಿ? ನೀವಾ?”

“ನಾನೇ. ಹಳೇವು ಎಣ್ಣಿ ಸೋರಿ ಎಷ್ಟು ಹೊಲಸಾಗ್ಯಾವಂದ್ರ ಮುಟ್ಟಲಿಕ್ಕಾಗಂಗಿಲ್ಲ.”

“ಅವ್ವ ತಲಿ ತುಂಬ ಎಣ್ಣಿ ಸುರಕೋತಾಳ್ರಿ, ಎಲ್ಲಾ ಬೆನ್ನಿಗಿ ಇಳೀತದ.”

ಆಟೋ ಗದ್ದಲದಾಗ ನನಗ ‘ಬೆನ್ನಿಗಿ’ ಅನ್ನೋದೊಂದೇ ಕೇಳಿಸ್ತು. “ಹೌದು, ಬೆನ್ನಿನ ಸಲುವಾಗೇ ಇಷ್ಟೆಲ್ಲಾ” ಅಂದೆ.

“ಅಳತಿ ಬರೋಬ್ಬರಿ ಅದನೇನ್ರಿ?”

“ಹಳೇದು ಒಯ್ದು ತೋರ್ಸೀನಿ. ಅಂಗಡಿಯವ ನೋಡಿದ ಕೂಡ್ಲೇ ಅಳತಿ ಹೇಳ್ದ.”

“ಬಣ್ಣ?”

“ಕರಿ.”

“ತೊಟ್ಲಾ ಕಾರ್ಯಕ್ಕ ಕರೀದಾ?”

“ಒಳಗಿರ್ತದ, ಯಾರಿಗಿ ಕಾಣ್ತದ?”

“ಹೌದ್ರಿ ಮತ್ತ, ಮ್ಯಾಲ ಸೆರಗು ಇರ್ತದ” ಅಂದಳು. ಸೆರಗು ಯಾಕ ಬಂತಂತ ನಾ ವಿಚಾರ ಮಾಡಲಿಲ್ಲ. ಅಷ್ಟ್ರಾಗ ಅತ್ತಿಯವರೇ ಫೋನ್ ತಗೊಂಡು, “ಅಳಿಯಂದ್ರ, ಹೆತ್ತ ಮಗನೂ ಇಷ್ಟು ನೆನಪಿಡಂಗಿಲ್ರಿ. ನಾ ಬರ್ತೀನಿ, ನಿಮ್ಮ ಗಾಡ್ಯಾಗೇ ಬರ್ತೀನಿ” ಅಂದ್ರು. ಗಾಡಿ ರಿಪೇರಿಗಿ ಇಷ್ಟು ಖುಷಿಪಡೋ ಅತ್ತಿ ಯಾರಿಗಿ ಸಿಗ್ತಾರ ಹೇಳ್ರಿ?

ಮನಿಗಿ ಬಂದು ಹೊಸಾದು ಹಚ್ಚಲಿಕ್ಕೆ ಹೋದೆ. ಚಾಚಾ ಒದರಿದ್ರು, “ಠೈರೋ! ಹಂಗೇ ಹಚ್ಚಬ್ಯಾಡ್ರಿ. ನೆಟ್ಟಗ ಹಿಡಿದು ಐದಾರು ಸಲ ಒತ್ತಿ ಬಿಡ್ರಿ, ಒಳಗಿನ ಗಾಳಿ ಹೋಗ್ಲಿ. ಹಾಲು ಕುಡಿದ ಕೂಸಿಗಿ ಬೆನ್ನು ತಟ್ಟಿ ತೇಗು ತಗಸ್ತಾರಲ್ಲ, ಹಂಗ.” ಎರಡೂ ಜಂಪರಿಗಿ ತೇಗು ತಗಸಿದೆ, ಡಿಕ್ಕಿ ಒಳಗಿಂದ ಮ್ಯಾಲಿನ ನಟ್ ಹಾಕಿದೆ, ಗಾಲಿ ನೆಲಕ್ಕ ಇಳಿಸಿ ಕೆಳಗಿಂದು ಬಿಗಿ ಮಾಡಿದೆ. ಚಾಚಾ ಎದ್ದು ಬಂದು ಡಿಕ್ಕಿ ಮ್ಯಾಲ ಎರಡೂ ಕೈ ಇಟ್ಟು ಜೋರಾಗಿ ಒತ್ತಿದ್ರು. ಗಾಡಿ ಒಂದು ಸಲ ಮ್ಯಾಲ ಬಂತು, ನಿಂತು ಬಿಡ್ತು. ಮೊದಲು ಹಿಂಗ ಒತ್ತಿದ್ರ ಮದುವಿ ಬಾರಾತಿನ ಕುದುರಿಯಂಗ ಕುಣೀತಿತ್ತು. ಚಾಚಾ ನನ್ನ ಬೆನ್ನು ತಟ್ಟಿದ್ರು. ನನಗೂ ತೇಗು ಬರೋದೊಂದೇ ಬಾಕಿ ಇತ್ತು.

ಐತವಾರ ಮುಂಜಾನಿ ಭಾಲ್ಕಿಗಿ ಹೋದೆ. ಅತ್ತಿ ಹೊಸಾ ಹಸರು ಸೀರಿ ಮಡಿಚಿಟ್ಕೊಂಡು, ಹಳೇ ಸೀರ್ಯಾಗೇ ಹೊಸ್ತಿಲ ಹತ್ರ ಕುಂತಿದ್ರು. “ಬರ್ರಿ ಅಳಿಯಂದ್ರ. ಜಂಪರ್ ಕೊಡ್ರಿ, ತೊಟ್ಕೊಂಡು ಬರ್ತೀನಿ.”

ನಾ ನಕ್ಕೆ. ಅತ್ತಿ ಚೇಷ್ಟಿ ಮಾಡ್ಲತ್ತಾರ ಅಂದ್ಕೊಂಡೆ. “ಹ್ಯಾಂಗ ಕೊಡ್ಲಿ ಅತ್ತಿ? ಹಿಂದಿನ ಗಾಲಿಗಿ ಹಚ್ಚೀನಲ್ಲ.”

ಯಾರೂ ನಗಲಿಲ್ಲ. ಶಾಂತಾ ನನ್ನ ಮುಖ ನೋಡಿದಳು, ಆಮ್ಯಾಲ ಗಾಲಿ ನೋಡಿದಳು, ಆಮ್ಯಾಲ ಅವಳಿಗಿ ಎಲ್ಲಾ ತಿಳೀತು. ದೀಪಾವಳಿಗಿ ಅತ್ತಿ ನಮ್ಮ ಮನ್ಯಾಗ ಎರಡು ಹಳೇ ಜಂಪರ್ ಮರ್ತು ಬಿಟ್ಟು ಹೋಗಿದ್ರಂತ, ನಾ ಅವನ್ನೇ ಅಳತಿಗಿ ಒಯ್ದೀನಂತ ತಾಯಿ-ಮಗಳು ತಿಳ್ಕೊಂಡಿದ್ರು. ಹಸರು ಸೀರಿ ಬಂದು ತಿಂಗಳಾಗಿತ್ತು, ಜಂಪರ್ ಹೊಲಿಸಿದ್ದಿಲ್ಲ. ನನ್ನ ಫೋನ್ ಬಂದ ಮ್ಯಾಲ, ಅಳಿಯ ತರ್ತಾನಂತ ದರ್ಜಿಗಿ ಬ್ಯಾಡಂದು ಕಳಿಸಿದ್ರು. ಓಣಿ ತುಂಬ ಹೇಳ್ಯಾರ ಬ್ಯಾರೆ. ನನಗ ಆ ಬಕೀಟಿನ್ಯಾಗ ಮತ್ತ ಹೋಗಿ ಕುಂದ್ರಬೇಕು ಅನಿಸ್ತು. ಅತ್ತಿ ಬರಂಗಿಲ್ಲ ಅಂತಾರ, ಮರಿಮೊಮ್ಮಗಳ ತೊಟ್ಲಾ ತಪ್ತದ, ಎಲ್ಲಾ ನನ್ನ ಒಂದು ಫೋನಿನ ಸಲುವಾಗಿ.

ಅತ್ತಿ ಎದ್ದು ಟೊಂಕ ಹಿಡ್ಕೊಂಡು ಗಾಡಿ ತನಕ ಬಂದ್ರು. ಬಗ್ಗಿ ಗಾಲಿ ಹಿಂದ ಇಣುಕಿ ನೋಡಿದ್ರು. ನೆಟ್ಟಗಾಗಿ ಅಂದ್ರು, “ಬಣ್ಣ ಖರೇನೇ ಕರಿ ಅದ ನೋಡವಾ.” ಆಮ್ಯಾಲ ನಗಲಿಕ್ಕೆ ಸುರು ಮಾಡಿದ್ರು. ಎಷ್ಟು ನಕ್ರಂದ್ರ ಗಾಡಿ ಹಿಡ್ಕೊಂಡು ನಿಲ್ಲಬೇಕಾತು. “ನನಗ ತಂದ ಜಂಪರ್ ಗಾಡಿಗಿ ತೊಡಿಸಿ, ಗಾಡಿಗಿ ಸೀರಿನೂ ಉಡಸ್ರಿ ಅಳಿಯಂದ್ರ!” ಒಳಗ ಹೋಗಿ ಹಸರು ಸೀರಿ ಮ್ಯಾಲ ಹಳೇ ಕೆಂಪು ಜಂಪರ್ ತೊಟ್ಕೊಂಡು ಬಂದು, “ಗಾಡಿ ಹೊಸಾದು ತೊಟ್ಟದ, ನಡೀಲಿ. ಕೂಸು ನನ್ನ ಜಂಪರ್ ನೋಡಂಗಿಲ್ಲ” ಅಂತ ಹತ್ತಿ ಕುಂತ್ರು.

ಭಾಲ್ಕಿ ದಾಟಿ ಮೊದಲನೇ ದೊಡ್ಡ ತಗ್ಗು ಬಂತು. ನಾ ಉಸಿರು ಹಿಡಿದೆ. ಗಾಡಿ ‘ಹುಂ’ ಅಂದು ದಾಟ್ತು, ಅಷ್ಟೇ. ಕನ್ನಡ್ಯಾಗ ನೋಡಿದ್ರ ಅತ್ತಿ ಆರಾಮ ಕಾಲು ಚಾಚಿ ಕುಂತಾರ. ನನ್ನ ಎದಿ ಎರಡು ಇಂಚು ಉಬ್ಬಿತು. ಆಗ ಅತ್ತಿ ಬಾಯಿ ತೆಗೆದ್ರು.

ದೀಪಾವಳಿಯಾಗ ಬೀದರಿನ ತನಕ ಅವ್ರು ಒಂದೂ ಮಾತಾಡಿರಲಿಲ್ಲ. ಗಾಡಿ ಕುಣಿಯೋ ರಭಸಕ್ಕ ನಾಲಿಗಿ ಕಡ್ಕೋತೀನಂತ ಹಲ್ಲು ಬಿಗಿ ಹಿಡಿದು ಕುಂತಿದ್ರಂತ, ಅದು ನನಗ ಅವತ್ತು ತಿಳೀತು. ಈಗ ನಾಲಿಗಿಗಿ ಯಾವ ಧೋಕಾನೂ ಇರಲಿಲ್ಲ. ನಮ್ಮ ಮದುವ್ಯಾಗ ನಾ ಊಟದ ಪಂಕ್ತಿಯಿಂದ ಸಿಟ್ಟಾಗಿ ಎದ್ದಿದ್ದು, ಶಾಂತಾಳ ಬಾಣಂತನಕ್ಕ ಎರಡು ದಿನ ತಡಾಗಿ ಬಂದಿದ್ದು, ನನ್ನ ಹೊಟ್ಟಿ, ನನ್ನ ಪಗಾರ, ನನ್ನ ತಮ್ಮನ ಹೊಟ್ಟಿ, ಇಪ್ಪತ್ತಾರು ವರ್ಷದ್ದು ಒಂದೂ ಬಿಡದೆ, ಭಾಳ ಪ್ರೀತಿಲಿಂದ, ಔರಾದ ಬರೋತನಕ ಹೇಳಿದ್ರು. ಔರಾದಿನ್ಯಾಗ ಚಹಾ ಕುಡಿದು, ಮತ್ತ ಹೊಸದಾಗಿ ಸುರು ಮಾಡಿದ್ರು. ಶಾಂತಾ ಬಾಜೂಕ ಕುಂತು “ಹೌದವ್ವಾ, ಅದೂ ಹೇಳು” ಅಂತ ನೆನಪು ಮಾಡಿ ಕೊಡ್ತಿದ್ದಳು.

ಚಿಂತಾಕಿ ಇನ್ನೂ ದೂರಿತ್ತು. ಮೊದಲು ತಗ್ಗು ತಪ್ಪಿಸಿ ಹೊಡೀಲತ್ತಿದ್ದ ನಾನು, ಖರೇ ಹೇಳ್ತೀನಿ, ತಗ್ಗು ಹುಡುಕಿ ಹುಡುಕಿ ಗಾಲಿ ಇಳಿಸ್ಲಿಕ್ಕೆ ಹತ್ತಿದೆ. ಒಂದಾದ್ರೂ ಅವರ ಬಾಯಿ ಮುಚ್ಚಿಸ್ಲಿ ಅಂತ. ಒಂದೂ ಕೆಲಸಕ್ಕ ಬರಲಿಲ್ರಿ. ಅಷ್ಟು ಚಂದ ಹಚ್ಚಿದ್ದೆ ನಾನು.