ಲಿಂಟಲ್ಲಿನ ಕುಂಕುಮ

ಬಾಗಿಲ ಮೇಲೆ ಏನಿರುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ತೋರಣ ಎನ್ನುತ್ತಾರೆ, ದೇವರ ಫೋಟೋ ಎನ್ನುತ್ತಾರೆ, ತೀರ ಬುದ್ಧಿವಂತರಾದರೆ ನಿಂಬೆಹಣ್ಣು-ಮೆಣಸಿನಕಾಯಿ ಎನ್ನುತ್ತಾರೆ. ಗೋಡೆಯ ಭಾರವನ್ನೆಲ್ಲ ಹೊತ್ತು ನಿಂತ ಕಾಂಕ್ರೀಟ್ ಲಿಂಟಲ್ಲಿನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಮಿರಜಿನ ಹತ್ತಿರ, ಕುಪವಾಡದ ಕೈಗಾರಿಕಾ ವಸಾಹತಿನ ಶೆಡ್ಡಿನಲ್ಲಿ ಅದನ್ನೇ ಎರಕ ಹೊಯ್ದು ಮಾರುವ ನನಗೆ ಹೀಗಾಗಿ ಮನರಂಜನೆಗೆ ಬರವಿಲ್ಲ. ಈ ವರ್ಷಕ್ಕಂತೂ ಸಲಗರೆ ಊರಿನ ಗಿರಾಕಿ ಕಾಕಾ ಒಬ್ಬರೇ ಸಾಕಾದರು.

ಸಾಗವಾನಿಯ ಸೊಕ್ಕು

ಕಾಕಾ ಮಿರಜಿನಲ್ಲಿ ಮನೆ ಕಟ್ಟಿಸುತ್ತಿದ್ದರು. ಮುಂಬಾಗಿಲಿಗೆ ತಂದ ಸಾಗವಾನಿ ಚೌಕಟ್ಟಿನ ಫೋಟೋವನ್ನು ಮೊಮ್ಮಗನ ಫೋಟೋದ ಹಾಗೆ ಮೊಬೈಲಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದರು.

"ಇಷ್ಟು ಗಟ್ಟಿ ಚೌಕಟ್ಟ ಐತಿ. ಮ್ಯಾಲ ನಿಮ್ಮ ಲಿಂಟಲ್ ಯಾಕ್ರಿ ಬೇಕು?"

"ಗ್ವಾಡಿ ಭಾರ ಬಿದ್ರ ಚೌಕಟ್ಟ ಬಾಗತೈತ್ರಿ ಕಾಕಾ. ಆಮ್ಯಾಲ ಬಾಗಲಾ ಮುಚ್ಚಾಕ ಬರಂಗಿಲ್ಲ."

"ಮುಚ್ಚಾವ್ರ ಯಾರು? ನಮ್ಮ ಆಯಿ ಮುಂಜಾನಿಂದ ಸಂಜಿತನಕ ಬಾಗಲದಾಗ ಕುಂತಿರ್ತಾಳ. ಆಕಿ ಎದ್ರಲ್ಲ ಮುಚ್ಚೂದು?"

ಆಯಿ ಎಂದರೆ ಅವರ ತಾಯಿ. ಅಲ್ಲಿಯವರೆಗೆ ನನಗೆ ನಗು ಬರುತ್ತಿತ್ತು. ಆ ಗೋಡೆಯ ಕೆಳಗೆ ದಿನವಿಡೀ ಒಬ್ಬ ಮುದುಕಿ ಕೂತಿರುತ್ತಾಳೆ ಎಂದು ಕೇಳಿದ್ದೇ ಆ ನಗು ನಿಂತಿತು.

"ಹಂಗಾದ್ರ ಲಿಂಟಲ್ ಬೇಕಾಗಿದ್ದು ಚೌಕಟ್ಟಿಗಲ್ರಿ, ಆಯಿ ತಲಿಗೆ!"

ಕಾಕಾ ಗಂಭೀರವಾಗಿ ಯೋಚಿಸಿದರು. "ಆಯಿ ತಲಿ ಚೌಕಟ್ಟಿಗಿಂತಾ ಗಟ್ಟಿ ಐತ್ರಿ."

ಕಾಣದ ತುದಿಗಳು

ಹೇಗೋ ಒಪ್ಪಿದರು. ಟೇಪು ಹಿಡಿದು ಬಾಗಿಲಿನ ಅಗಲವನ್ನು ಅಳೆದು ತಂದರು. ಕರಾರುವಾಕ್ಕಾಗಿ ಅಷ್ಟೇ ಉದ್ದದ ಲಿಂಟಲ್ ಬೇಕಂತೆ. ಎರಡೂ ಕಡೆ ಗೋಡೆಯ ಮೇಲೆ ಕೂರಲು ಅರ್ಧರ್ಧ ಅಡಿ ಹೆಚ್ಚು ಬೇಕು ಎಂದೆ.

"ಗ್ವಾಡ್ಯಾಗ ಹೋಗೂದು ಯಾರಿಗಿ ಕಾಣತೈತಿ? ಕಾಣಲಾರದ್ದಕ್ಕ ನಾ ಯಾಕ ರೊಕ್ಕಾ ಕೊಡ್ಲಿ?"

"ಕಾಕಾ, ನಿಮ್ಮ ಧೋತರದಾಗ ಸ್ವಂಟಕ್ಕ ಸಿಗಿಸಿದ್ದು ಯಾರಿಗಿ ಕಾಣತೈತ್ರಿ? ನಾಳಿಂದ ಅದನ್ನೂ ಕತ್ತರಿಸಿ ಉಟ್ಕೋರಿ."

ಕಾಕಾ ಒಮ್ಮೆ ಸೊಂಟ ಮುಟ್ಟಿ ನೋಡಿಕೊಂಡರು. ಉದ್ದದ್ದನ್ನೇ ಟೆಂಪೋಗೆ ಹೇರಿಸಿದರು.

ಎರಡೂ ಕಡೆ ಶುಭ

ಲಿಂಟಲ್ಲಿನ ಒಳಗೆ ಕಬ್ಬಿಣದ ಸಳಿಗಳು ಕೆಳಮಗ್ಗುಲಿಗೆ ಇರುತ್ತವೆ. ತಿರುವಿ ಇಟ್ಟರೆ ಭಾರಕ್ಕೆ ನಡುವೆ ಸೀಳುತ್ತದೆ. ಅದಕ್ಕೇ ಮೇಲೆ ಬರಬೇಕಾದ ಮಗ್ಗುಲಿಗೆ ನಾನು ಕೆಂಪು ಬಣ್ಣದ ಪಟ್ಟಿ ಬಳಿಯುತ್ತೇನೆ. ಇದನ್ನು ಟೆಂಪೋ ಜೊತೆ ಬಂದಿದ್ದ ಕಾಕಾ ಅವರ ಗವಂಡಿಗೂ, ಅಂದರೆ ಗೋಡೆ ಕಟ್ಟುವ ಮೇಸ್ತ್ರಿಗೂ, ಹೇಳಿ ಕಳಿಸಿದ್ದೆ. ಅವನದು ಎಲ್ಲದಕ್ಕೂ ಒಂದೇ ಮರಾಠಿ ಉತ್ತರ: "ಚಾಲತಂಯ ಕಿ." ನಡೀತದಲ್ಲ, ಅಂತ.

ಆ ಉತ್ತರ ಕೇಳಿದ ಮೇಲೆ ಮನಸ್ಸು ತಡೆಯದೆ ಮರುದಿನ ನಾನೇ ಹೋದೆ. ಲಿಂಟಲ್ಲಿನ ಮೇಲೆ ಆಗಲೇ ಎರಡು ವರಸೆ ಇಟ್ಟಿಗೆ ಏರಿದ್ದವು. ಕೆಳಗೆ ನಿಂತು ಕತ್ತೆತ್ತಿದರೆ ನನ್ನ ಕೆಂಪು ಪಟ್ಟಿಯೇ ಕಾಣಬೇಕೆ! ಅದಕ್ಕೆ ಅರಿಸಿನ ಬೇರೆ ಹಚ್ಚಿದ್ದರು. ಅದರ ನೇರ ಕೆಳಗೆ ಕುರ್ಚಿ ಹಾಕಿಕೊಂಡು ಆಯಿ ಚಹಾ ಕುಡಿಯುತ್ತಿದ್ದರು.

"ಆಯಿ, ಮೊದಲ ಈಕಡೆ ಬರ್ರಿ! ಲಿಂಟಲ್ ತಿರುವಿ ಇಟ್ಟಾರ!"

"ನಾನ ತಿರುವಿಸೇನಿ. ಕುಂಕುಮ ಹಚ್ಚಿದ್ದನ್ನ ಯಾರರೆ ಗ್ವಾಡ್ಯಾಗ ಹುಗಿತಾರೇನು? ಬರಾವ್ರಿಗೆ ಕಾಣಬೇಕು."

"ಅದು ಕುಂಕುಮ ಅಲ್ರಿ, ಬಣ್ಣ!" ಎಂದವನೇ ಗವಂಡಿಯ ಕಡೆ ತಿರುಗಿದೆ. "ನಿನಗ ಗೊತ್ತಿರಲಿಲ್ಲೇನೋ?"

"ಗೊತ್ತಿತ್ರಿ. ಆಯಿ ತಿರುವಿಡು ಅಂದ್ರು. ಚಾಲತಂಯ ಕಿ, ಅಂದೆ."

ಇಟ್ಟಿಗೆ ಇಳಿಸಿ, ಲಿಂಟಲ್ಲನ್ನು ಸರಿಯಾಗಿ ಕೂರಿಸುವವರೆಗೆ ನಾನು ಕದಲಲಿಲ್ಲ. ಆಯಿ ಒಂದು ಶರತ್ತಿನ ಮೇಲೆ ಒಪ್ಪಿದ್ದರು. ನನ್ನ ಬಣ್ಣದ ಡಬ್ಬಿ ತರಿಸಿಕೊಂಡು ಕೆಳಮಗ್ಗುಲಿಗೂ ತಾವೇ ನಿಂತು ಒಂದು ಪಟ್ಟಿ ಬಳಿಸಿದರು. ಬಳಿಸಲಿ ಬಿಡಿ, ಮುದುಕಿಯ ತಲೆ ಉಳಿಯಿತಲ್ಲ ಎಂದು ನಿಜವಾಗಿಯೂ ಜೀವಕ್ಕೆ ಸಮಾಧಾನವಾಯಿತು.

ಮೊನ್ನೆ ಕಾಕಾ ಅವರ ತಮ್ಮ ಶೆಡ್ಡಿಗೆ ಬಂದರು. ಅವರದೂ ಹೊಸ ಮನೆ.

"ಆಯಿ ಹೇಳಿ ಕಳಿಸ್ಯಾಳ್ರಿ. ಎರಡೂ ಕಡೆ ಕುಂಕುಮ ಇದ್ದದ್ದ ಕೊಡ್ರಿ, ಅದ ಶುಭ."

"ಹಂಗಾದ್ರ ಮ್ಯಾಲ ಯಾವದು, ಕೆಳಗ ಯಾವದು, ಹೆಂಗ ತಿಳಿಬೇಕ್ರಿ?"

"ಅದರ ಚಿಂತಿ ನಿಮಗ್ಯಾಕ? ಗವಂಡಿನ್ನ ಕರ್ಕೊಂಡ ಬಂದೇನಿ."

ಅವರ ಬೆನ್ನ ಹಿಂದಿನಿಂದ ಅದೇ ಗವಂಡಿ ಮುಂದೆ ಬಂದ. ಲಿಂಟಲ್ಲನ್ನು ನೋಡಿದ, ನನ್ನನ್ನು ನೋಡಿದ.

"ಚಾಲತಂಯ ಕಿ," ಎಂದ.