ಗೋಡೆಯ ಮೇಲೆ ಮೂಡಿದ ವಿಗ್ಗಿನ ವಿಚಾರವಾಗಿ ನೋಟಿಫಿಕೇಶನ್ ಯಂತ್ರಕ್ಕೆ

ಮಾನ್ಯ ನೋಟಿಫಿಕೇಶನ್ ಯಂತ್ರ ಮಹೋದಯರೇ,

ಹೊತ್ತುಗೊತ್ತಿಲ್ಲದೆ ಜನರ ಪರದೆಯ ಮೂಲೆಯಲ್ಲಿ ಇಣುಕುವ ತಮಗೆ, ವಿಗ್ ಹೆಣೆದು ಆನ್‌ಲೈನ್ ಅಂಗಡಿಯಲ್ಲಿ ಮಾರುವ ಈ ಬಡಪಾಯಿಯ ನಮಸ್ಕಾರಗಳು. ತಮ್ಮಷ್ಟು ಚುರುಕು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲವೆಂದು ಮೊದಲೇ ಒಪ್ಪಿಕೊಂಡು, ನಡೆದದ್ದನ್ನು ತಮ್ಮ ಪಾದಗಳಲ್ಲಿ, ಪಾದಗಳಿದ್ದರೆ, ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಗಿರಾಕಿಗಳು ವಿಗ್ಗನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಾರ್ಟಿಗೆ ಹಾಕಿ, ಸದ್ದಿಲ್ಲದೆ ಮಾಯವಾಗುತ್ತಿದ್ದರು. ಅವರನ್ನು ಮರಳಿ ಕರೆತರಲೆಂದು, ಅಂಗಡಿಯ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ನನ್ನ ನಾದಿನಿ ತಮ್ಮನ್ನು ನೇಮಿಸಿದಳು. “ಒಂದು ಸಾಲು ಕೋಡ್ ಅಂಟಿಸಿದ್ರೆ ಮುಗೀತು ಅತ್ತಿಗೆ, ಮಿಕ್ಕಿದ್ದೆಲ್ಲ ಅದೇ ನೋಡ್ಕೊಳ್ಳುತ್ತೆ” ಎಂದಳು. ತಾವು ನೋಡಿಕೊಂಡಿರಿ. ಸೈಟು ತೆರೆದವರು ಒಂದು ವಿಗ್ಗನ್ನೂ ಕಾಣುವ ಮೊದಲೇ ‘ಸಂದೇಶ ಕಳಿಸಲು ಅನುಮತಿಸಿ’ ಎಂಬ ಪೆಟ್ಟಿಗೆಯನ್ನು ಅಡ್ಡ ನಿಲ್ಲಿಸಿದಿರಿ. ಅದು ತೊಲಗಿದರೆ ಸಾಕೆಂದು ಅರುವತ್ತಮೂರು ಮಂದಿ ಓದದೆಯೇ ಒತ್ತಿದರು. ಕಾರ್ಟ್ ಬಿಟ್ಟುಹೋದವರಿಗೆ ಅರ್ಧ ಗಂಟೆಯ ಬಳಿಕ ವಿಗ್ಗಿನ ಚಿತ್ರದ ಸಮೇತ ಸಂದೇಶ ಹೋಗಬೇಕೆಂದು ನಾದಿನಿ ಗೊತ್ತುಮಾಡಿದಳು. ಒಕ್ಕಣೆ ನನ್ನದೇ, ಆ ಪಾಪದಲ್ಲಿ ನನಗೂ ಪಾಲಿದೆ.

ಹಾಗೆ ಒತ್ತಿದವರಲ್ಲೊಬ್ಬರಾದ ವಿಮಾ ಕಚೇರಿಯ ಮ್ಯಾನೇಜರು ಹನ್ನೊಂದು ವರ್ಷಗಳಿಂದ ನಮ್ಮ ಗಿರಾಕಿ. ಅವರ ತಲೆಯ ಸಂಗತಿ ಅವರ ಹೆಂಡತಿಗೆ ಮತ್ತು ನನಗೆ ಬಿಟ್ಟರೆ ಒಡಹುಟ್ಟಿದ ತಮ್ಮನಿಗೂ ಗೊತ್ತಿರಲಿಲ್ಲ. ಮಂಗಳವಾರ ಅವರು ಕಚೇರಿಯ ಲ್ಯಾಪ್‌ಟಾಪಿನಲ್ಲಿ ಎಡಬೈತಲೆಯ ಹೊಸ ವಿಗ್ಗೊಂದನ್ನು ಕಾರ್ಟಿಗೆ ಹಾಕುತ್ತಿರುವಾಗ ಯಾರೋ ಒಳಬಂದರು. ಸೈಟು ಮುಚ್ಚಿ, ಅದೇ ಲ್ಯಾಪ್‌ಟಾಪ್ ಹಿಡಿದು ಮೀಟಿಂಗಿಗೆ ಹೋಗಿ, ಅದನ್ನು ಅಲ್ಲಿನ ದೊಡ್ಡ ಪರದೆಗೆ ಜೋಡಿಸಿದರು. ನಲವತ್ತು ಮಂದಿಯ ಎದುರು, ಗೋಡೆಯಗಲದ ಪರದೆಯ ಮೇಲೆ ತಾವು ಪ್ರತ್ಯಕ್ಷರಾದಿರಿ: “ಸಾರ್, ನಿಮ್ಮ ಕೂದಲು ನಿಮಗಾಗಿ ಕಾಯ್ತಾ ಇದೆ!” ನಲವತ್ತು ಜೊತೆ ಕಣ್ಣುಗಳು ಮೊದಲು ಗೋಡೆಯನ್ನೂ ಆಮೇಲೆ ನಿಧಾನವಾಗಿ ಅವರ ತಲೆಯನ್ನೂ ನೋಡಿದವಂತೆ.

ಮರುದಿನ ಅವರು ನಮ್ಮ ಕೆಲಸದ ಕೋಣೆಗೆ ಬಂದರು. ನಾದಿನಿ “ತಪ್ಪಾಯ್ತು ಸಾರ್” ಎನ್ನುತ್ತಲೇ ಅತ್ತಳು. ನಾನು ಸೂಜಿ ಹಿಡಿದು ನೆಲ ನೋಡುತ್ತಿದ್ದೆ. ಅವರು ಕುರ್ಚಿಯಲ್ಲಿ ಕೂತು, ವಿಗ್ ತೆಗೆದು ಮರದ ತಲೆಗೆ ತೊಡಿಸಿದರು. “ಅಷ್ಟೂ ಜನ ನೋಡ್ತಿದ್ರು. ಇನ್ನೇನ್ ಮಾಡ್ಲಿ ಮೇಡಂ? ತೆಗೆದು ಮೇಜಿನ ಮೇಲಿಟ್ಟು ಮೀಟಿಂಗ್ ಮುಂದುವರಿಸ್ದೆ” ಎಂದರು. ಬೈಗುಳಕ್ಕೆ ನಾನು ಕಾದೆ. ಅವರು ಬೋಳುತಲೆ ಸವರಿಕೊಂಡು ಮೇಲೆ ನೋಡಿದರು. “ಫ್ಯಾನ್ ಗಾಳಿ ಇಷ್ಟು ಹಿತವಾಗಿರುತ್ತೆ ಅನ್ನೋದೇ ಮರ್ತುಹೋಗಿತ್ತು.” ವಿಗ್ಗನ್ನು ಅಲ್ಲೇ ಬಿಟ್ಟು ನಡೆದರು.

ಹೀಗೆ ತಾವು ಒಬ್ಬರನ್ನು ಉದ್ಧಾರ ಮಾಡಿ ನನ್ನ ಅತ್ಯುತ್ತಮ ಗಿರಾಕಿಯನ್ನು ಕಳೆದಿರಿ. ಒಬ್ಬರಿಗೆ ಕಳಿಸಿದ್ದನ್ನು ನಲವತ್ತು ಮಂದಿಗೆ ಓದಿಸಿಯೂ ವರದಿಯಲ್ಲಿ ‘ತಲುಪಿದ್ದು ನೂರಕ್ಕೆ ನೂರು’ ಎಂದಷ್ಟೇ ಬರೆದುಕೊಂಡ ತಮ್ಮ ವಿನಯಕ್ಕೆ ಶರಣು. ಇನ್ನು ಮುಂದಾದರೂ ಪರದೆಗೆ ಬರುವ ಮುನ್ನ ಒಮ್ಮೆ ಕೆಮ್ಮಬೇಕಾಗಿಯೂ, ಕೋಣೆಯಲ್ಲಿ ಬೇರೆ ಯಾರಿದ್ದಾರೆಂದು ಬಾಗಿಲ ಸಂದಿಯಿಂದ ನೋಡಬೇಕಾಗಿಯೂ, ಅನುಮಾನ ಬಂದರೆ ನಾಚಿ ಹಿಂದಿರುಗಬೇಕಾಗಿಯೂ ಪ್ರಾರ್ಥನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆದ,
ವಿಗ್ ಹೆಣೆಯುವವಳು

ವಿ.ಸೂ.: ನಿನ್ನೆ ತಾವು ಅದೇ ಮ್ಯಾನೇಜರಿಗೆ ಬಾಚಣಿಗೆಯ ಮೇಲೆ ರಿಯಾಯಿತಿ ಇದೆಯೆಂದು ತಿಳಿಸಿದ್ದೀರಿ. ಅವರು ನನಗೆ ತಮ್ಮ ನೆತ್ತಿಯ ಫೋಟೋ ಕಳಿಸಿ, “ಎಲ್ಲಿಂದ ಶುರು ಮಾಡ್ಲಿ?” ಎಂದು ಕೇಳಿದ್ದಾರೆ. ಉತ್ತರವನ್ನು ದಯವಿಟ್ಟು ತಾವೇ ಕೊಡತಕ್ಕದ್ದು.