ಬರೀ ಮಾತಾ, ಸೂಜಿ ಇಲ್ವಾ?

‘ಇಲ್ಲಿ ಮಾತೇ ಚಿಕಿತ್ಸೆ’ ಅಂದ ಕೂಡಲೇ ಎದುರಿಗೆ ಕೂತವರ ಮುಖ ಇಳಿದುಹೋಗುತ್ತಿತ್ತು. ಒಂದು ದಿನ ಎರಡು ದಿನವಲ್ಲ, ನನ್ನ ಸರ್ವೀಸು ಪೂರ್ತಿ ಹೀಗೇ. ಎಂಬತ್ತರ ದಶಕದ ಶುರುವಿನಲ್ಲಿ ಮನಶ್ಶಾಸ್ತ್ರ ಓದಿ ಮುಗಿಸಿ ಕೆಲಸಕ್ಕೆ ಸೇರಿದೆ. ಸೋಮವಾರ ತುಮಕೂರಿನ ಒಂದು ಆಸ್ಪತ್ರೆ, ಬುಧವಾರ ಗುಬ್ಬಿ, ಶುಕ್ರವಾರ ಕುಣಿಗಲ್. ಮೂರು ಕಡೆಯೂ ಒಂದು ಪುಟ್ಟ ಕೊಠಡಿ, ಒಂದು ಮೇಜು, ಎರಡು ಕುರ್ಚಿ. ಮೈಯನ್ನೂ ಮನಸ್ಸನ್ನೂ ಸೇರಿಸಿ ನೋಡಿದರೇ ಮನುಷ್ಯ ಪೂರ್ತಿ ಗುಣವಾಗೋದು ಅಂತ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತ್ತು. ಆರು ತಿಂಗಳಲ್ಲಿ ಜನ ಬರದಿದ್ದರೆ ಕೊಠಡಿ ವಾಪಸ್ಸು ತಗೋತೀವಿ ಅಂತ ತುಮಕೂರಿನ ದೊಡ್ಡ ಡಾಕ್ಟರು ಬೇರೆ ಹೇಳಿಬಿಟ್ಟಿದ್ದರು.

ಬೋರ್ಡು

ತುಮಕೂರಿನಲ್ಲಿ ಮೊದಲ ದಿನವೇ ಬಾಗಿಲಲ್ಲಿ ಏಳೆಂಟು ಮಂದಿ. ಕೊಠಡಿ ಉಳಿಯಿತು ಅಂದುಕೊಂಡೆ. ಮೊದಲು ಒಳಗೆ ಬಂದವರು ವಿಭೂತಿ ಹಚ್ಚಿದ ಯಜಮಾನರು. ಏನು ತೊಂದರೆ ಅಂತ ಕೇಳಿದರೆ ಮಡಿಸಿದ ಕಾಗದವೊಂದನ್ನು ಮೇಜಿನ ಮೇಲೆ ಹರಡಿದರು. ಮನೆಯ ನಕ್ಷೆ. ಅಡುಗೆಮನೆ ಯಾವ ಮೂಲೆಗೆ ಬರಬೇಕು ಅಂತ ಅವರ ಪ್ರಶ್ನೆ. ಅನುಮಾನ ಬಂದು ಹೊರಗೆ ಹೋಗಿ ಬೋರ್ಡು ನೋಡಿದೆ. ನಾನು ಬರೆದುಕೊಟ್ಟಿದ್ದ ‘ಮನಶ್ಶಾಸ್ತ್ರ’ ತಪ್ಪಿರಬೇಕು ಅಂತ ಪೇಂಟರು ತಾನೇ ತಿದ್ದಿ ‘ಮನೆಶಾಸ್ತ್ರ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದ.

ಒಳಗೆ ಬಂದು ಕಾಲು ಗಂಟೆ ವಿವರಿಸಿದೆ. ಚಿಂತೆ, ಭಯ, ನಿದ್ದೆ, ಎಲ್ಲ. ಯಜಮಾನರು ತಾಳ್ಮೆಯಿಂದ ಕೇಳಿಸಿಕೊಂಡು ಹೇಳಿದರು: “ಆಗ್ಲಿ ಕಣಮ್ಮ, ಮನಸ್ಸಿನ ವಿಚಾರ ಆಮೇಲೆ ನೋಡಾಣ. ಹೆಂಗೂ ಬಂದಿದೀನಲ್ಲ, ಬಾವಿ ಎಲ್ಲಿ ತೋಡಿಸ್ಲಿ, ಅಷ್ಟು ಹೇಳ್ಬುಡಿ.”

ಸೂಜಿ

ಬಟ್ಟೆ ಅಂಗಡಿಯ ಸಾಹೇಬರೊಬ್ಬರಿಗೆ ಮೂರು ತಿಂಗಳಿಂದ ನಿದ್ದೆಯಿಲ್ಲ, ಹೊಟ್ಟೆಯಲ್ಲಿ ಉರಿ. ಪರೀಕ್ಷೆ ಮಾಡಿದ ಡಾಕ್ಟರಿಗೆ ಏನೂ ಸಿಗದೆ ನನ್ನ ಹತ್ತಿರ ಕಳಿಸಿದ್ದರು. ಒಂದು ಗಂಟೆ ಮಾತಾಡಿದರು. ಜೊತೆಯಲ್ಲೇ ಬೆಳೆದ ತಮ್ಮ ಬೇರೆ ಅಂಗಡಿ ಹಾಕಿದ್ದ. ಹಬ್ಬಕ್ಕೂ ಮನೆಗೆ ಬಂದಿರಲಿಲ್ಲ. ಹೇಳುತ್ತಾ ಟೋಪಿ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಟೋಪಿ ಹಾಕಿಕೊಂಡು, ಅಂಗಿಯ ತೋಳು ಮಡಚಿ, ಕೈ ಮುಂದೆ ಚಾಚಿದರು.

ಸೂಜಿ ಇಲ್ಲ ಅಂದೆ. ಬೆಳಗಿಂದ ಸಾಯಂಕಾಲದವರೆಗೆ ಅಂಗಡಿಯಲ್ಲಿ ಮಾತೇ ಆಡ್ತೀನಿ, ಅದಕ್ಕೆ ಆಸ್ಪತ್ರೆ ಯಾಕೆ ಅಂತ ಬೇಜಾರು ಮಾಡಿಕೊಂಡರು. ಕೊನೆಗೆ ಡಾಕ್ಟರಿಗೆ ಹೇಳಿ ಶಕ್ತಿಗೆ ಅಂತ ಒಂದು ವಿಟಮಿನ್ ಸೂಜಿ ಹಾಕಿಸಿದೆ. ನಾಲ್ಕು ವಾರ ಹೀಗೇ ನಡೆಯಿತು: ಒಂದು ಗಂಟೆ ಮಾತು, ಒಂದು ಸೂಜಿ. ನಿದ್ದೆ ಬಂತು, ಉರಿ ಇಳಿಯಿತು, ತಮ್ಮನ ಮನೆಗೆ ತಾವೇ ಹೋಗಿ ಬಂದರು. ಐದನೇ ವಾರ ಬಹಳ ವಿನಯದಿಂದ ಕೇಳಿದರು: “ಸೂಜಿ ಬಹುತ್ ಅಚ್ಛಾ ಇದೆ ಮೇಡಂ. ಅದಕ್ಕೆ ಮುಂಚೆ ಒಂದ್ಗಂಟೆ ಮಾತಾಡ್ಬೇಕಲ್ಲ, ಅದೊಂದು ತೊಂದ್ರೆ. ಅದನ್ನ ಕಟ್ ಮಾಡೋಕಾಗಲ್ವಾ?”

ಕಿಟಕಿ

ಗುಬ್ಬಿಯಲ್ಲಿ ಗುಟ್ಟು ಅನ್ನೋದೇ ಇಲ್ಲ. ತಲೆನೋವು ಅಂತ ಬಂದ ಸೊಸೆಯ ಜೊತೆ ಅತ್ತೆಯೂ ಒಳಗೆ ಬಂದರು. ನಾನು ಸೊಸೆಯನ್ನು ಕೇಳಿದ್ದಕ್ಕೆಲ್ಲ ಅತ್ತೆಯದೇ ಉತ್ತರ. ಬೇಡಿಕೊಂಡು ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಸೊಸೆ ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ, ಆ ಮನೆಯಲ್ಲಿ ಊಟ ಆಯ್ತಾ ಅಂತ ನನ್ನನ್ನು ಯಾರೂ ಕೇಳಲ್ಲ ಅಂದಳು.

ಕಿಟಕಿಯ ಆಚೆಯಿಂದ ದನಿ ಬಂತು: “ನನ್ನ ಯಾರು ಕೇಳ್ತಾರೆ ಅಂದ್ಕೊಂಡಿದೀಯ?”

ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ಬಯ್ಯೋಣ ಅನ್ನುವಷ್ಟರಲ್ಲಿ ಅತ್ತೆ ಒಳಗೆ ಬಂದು, ನನ್ನ ಕುರ್ಚಿಯಲ್ಲೇ ಕೂತು ಅಳುತ್ತಿದ್ದರು. ಸೊಸೆ ಅವರ ಬೆನ್ನು ಸವರುತ್ತಿದ್ದಳು. ಇಬ್ಬರೂ ತಮ್ಮ ತಮ್ಮ ತಲೆನೋವು ಹೇಳಿಕೊಳ್ಳಲು ಶುರು ಮಾಡಿದರು. ನಿಂತೇ ಇದ್ದ ನನ್ನನ್ನು ಸ್ವಲ್ಪ ಹೊತ್ತಾದ ಮೇಲೆ ನೋಡಿದ ಅತ್ತೆ, “ಮೇಡಂ, ಸ್ವಲ್ಪ ಆಚೆ ಇರ್ತೀರಾ? ಮನೆ ವಿಚಾರ ಮಾತಾಡ್ತಾ ಇದೀವಿ” ಅಂದರು.

ಜಟಕಾ

ಕುಣಿಗಲ್ಲಿನ ಜಟಕಾದವನದು ಎದೆ ಡವಡವ ಅನ್ನುವ ಕಾಯಿಲೆ. ಗಾಡಿ ಹತ್ತಿದರೆ ಕೈ ನಡುಗುತ್ತೆ. ಹೃದಯ ಚೆನ್ನಾಗಿದೆ ಅಂತ ಡಾಕ್ಟರು ಬರೆದುಕೊಟ್ಟಿದ್ದರು. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಆ ಬಗ್ಗೆ ಯಾರ ಹತ್ತಿರವೂ ಒಂದು ಮಾತು ಆಡಿರಲಿಲ್ಲ. ನನ್ನ ಹತ್ತಿರವೂ ಆಡಲಿಲ್ಲ. ಮೂರು ಶುಕ್ರವಾರ ಬಂದು, ಕೂತು, ನೆಲ ನೋಡಿ ಎದ್ದು ಹೋದ. ನನಗೂ ಸಾಕಾಯಿತು. ನನ್ನ ಹತ್ತಿರ ಬೇಡಪ್ಪ, ನಿನಗೆ ಯಾರು ಹತ್ತಿರದವರೋ ಅವರ ಮುಂದೆ ದಿನಾ ಸ್ವಲ್ಪ ಹೇಳಿಕೋ ಅಂದೆ.

ಒಂದು ತಿಂಗಳು ಕಾಣಲಿಲ್ಲ. ಬಂದಾಗ ಗುರುತೇ ಸಿಗಲಿಲ್ಲ. ಮುಖ ತುಂಬಿಕೊಂಡಿತ್ತು, ಎದೆಯ ಡವಡವ ನಿಂತಿತ್ತು, ದಿನಾ ಗಾಡಿ ಹೊಡೆಯುತ್ತಿದ್ದ. ಯಾರ ಹತ್ತಿರ ಹೇಳಿಕೊಂಡೆ ಅಂತ ಕೇಳಿದೆ. ಕುದುರೆ ಹತ್ತಿರ ಅಂದ. ಮೇವು ಹಾಕುವಾಗ, ಮೈ ಉಜ್ಜುವಾಗ, ಹೆಂಡತಿಯ ವಿಚಾರ ಎಲ್ಲ ಒಂದೂ ಬಿಡದೆ ಹೇಳಿದ್ದನಂತೆ. ಕೊನೆಗೂ ಒಬ್ಬನಿಗೆ ನನ್ನ ವಿದ್ಯೆ ಅರ್ಥವಾಯಿತಲ್ಲ ಅನ್ನಿಸಿತು. ಮತ್ತೆ ಯಾಕೆ ಬಂದೆಯಪ್ಪ ಅಂದೆ.

ಅವನು ತಲೆ ಕೆರೆದುಕೊಂಡ. ಕುದುರೆ ನಾಲ್ಕು ದಿನದಿಂದ ಸರಿಯಾಗಿ ಮೇವು ಮುಟ್ಟುತ್ತಿಲ್ಲ, ತಲೆ ತಗ್ಗಿಸಿ ನಿಂತಿರುತ್ತೆ ಅಂದ. ಅದಕ್ಕೆ ದನದ ಡಾಕ್ಟರ ಹತ್ತಿರ ಹೋಗಬೇಕು, ನನ್ನ ಹತ್ತಿರ ಅಲ್ಲ ಅಂತ ರೇಗಿದೆ.

“ಅವ್ರು ನೋಡಿದ್ರು ಅಮ್ಮಾವ್ರೇ,” ಅಂದ. “ಮೈಯಲ್ಲಿ ಏನೂ ಇಲ್ವಂತೆ. ಹಂಗಾದ್ರೆ ಇದು ನಿಮ್ಮ ಕೇಸೇ ಅಲ್ವಾ? ಕರ್ಕೊಂಡು ಬಂದಿವ್ನಿ, ಬಾಗಿಲಲ್ಲಿ ನಿಂತದೆ.”